ಒಂದೇ ಅಗುಳಿನ ಪಾತ್ರೆ: ಮನೆಯಲ್ಲೇ ಹೊಲಿದ ಮರದ ಜೀನು ಎಷ್ಟು ಗಟ್ಟಿ?

ಮಿಷಿಗನ್‌ನಲ್ಲಿರುವ ನನ್ನ ಗೆಳೆಯನ ಪಕ್ಕದ ಮನೆಯವರು ಜಿಂಕೆ ಬೇಟೆಗಾರರು. ಬಂದೂಕಲ್ಲ, ಬಿಲ್ಲು ಬಾಣ. ಅಕ್ಟೋಬರ್ ಬಂತೆಂದರೆ ಅವರು ಬೆಳಕು ಹರಿಯುವ ಮೊದಲೇ ಕಾಡಿಗೆ ಹೋಗುತ್ತಾರೆ. ಇಪ್ಪತ್ತು ಅಡಿ ಮೇಲೆ ಮರಕ್ಕೆ ನೇತುಬಿದ್ದು ಗಂಟೆಗಟ್ಟಲೆ ಸುಮ್ನೆ ಕೂತಿರುತ್ತಾರೆ. ಅವರನ್ನು ಹೊತ್ತಿರುವುದು ಒಂದು ಅಗಲವಾದ ಬಟ್ಟೆಯ ಪಟ್ಟಿ. ಅದಕ್ಕೆ ಟ್ರೀ ಸ್ಯಾಡಲ್ ಅನ್ನುತ್ತಾರೆ. ಸ್ಯಾಡಲ್ ಅಂದರೆ ಜೀನು. ಮರ ಓಡುವುದಿಲ್ಲ ಅನ್ನೋದೊಂದೇ ಸಮಾಧಾನ.

ಈ ಜೀನನ್ನು ಅವರೇ ಹೊಲಿದಿದ್ದಾರೆ. ಗುಜರಿ ಕಾರಿನ ಸೀಟ್ ಬೆಲ್ಟ್ ಪಟ್ಟಿ, ಒಂದಿಷ್ಟು ದಪ್ಪ ಬಟ್ಟೆ, ಮನೆಯ ಹೊಲಿಗೆ ಯಂತ್ರ. ಆರು ವರ್ಷ ಬಾಳಿದೆ. ಅಂಗಡಿಯದಕ್ಕೆ ನೂರಾರು ಡಾಲರ್ ಕೊಡಬೇಕು. ಕಳೆದ ಸಲ ಗೆಳೆಯನ ಮನೆಗೆ ಹೋದಾಗ ಅವರು ನನ್ನನ್ನು ಕೇಳಿದ್ದು ಇಷ್ಟೇ: "ಇದನ್ನೇ ಇಟ್ಟುಕೊಳ್ಳಲೋ, ಹೊಸದು ತಗೊಳ್ಳಲೋ?"

ನನಗೆ ಬೇಟೆ ಗೊತ್ತಿಲ್ಲ. ನಮ್ಮಲ್ಲಂತೂ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಅದರ ಮಾತೇ ಇಲ್ಲ. ಆದರೆ ಹಗ್ಗದ ಮೇಲೆ ಮನುಷ್ಯ ನೇತಾಡುವುದು ಮಲೆನಾಡಿನವರಿಗೆ ಹೊಸದಲ್ಲ. ಕಾಲಿಗೆ ತಳೆ ಹಾಕಿಕೊಂಡು ಅಡಿಕೆ ಮರ ಏರುವ ಕೊನೆಗೌಡರನ್ನು ನೋಡುತ್ತಲೇ ಬೆಳೆದವನು ನಾನು. ಪ್ರಶ್ನೆ ಹಿಡಿಸಿತು.

ಮೊದಲು ಈ ಜೀನು ಹೇಗೆ ಕೆಲಸ ಮಾಡುತ್ತದೆ ನೋಡೋಣ. ತಲೆಗಿಂತ ಸ್ವಲ್ಪ ಮೇಲೆ ಮರಕ್ಕೆ ಒಂದು ಹಗ್ಗ ಸುತ್ತಿರುತ್ತಾರೆ. ಅದು ಟೆದರ್. ಅದರ ಮೇಲೆ ಜಾರಿಸಿ ನಿಲ್ಲಿಸಬಹುದಾದ ಒಂದು ಗಂಟು. ಆಸ್ಟ್ರಿಯಾದ ಪರ್ವತಾರೋಹಿ ಕಾರ್ಲ್ ಪ್ರುಸಿಕ್ 1931ರಲ್ಲಿ ಪರಿಚಯಿಸಿದ ಗಂಟು ಅದು. ಭಾರ ಬಿದ್ದರೆ ಬಿಗಿಯುತ್ತದೆ, ಭಾರ ಇಳಿಸಿದರೆ ಜಾರುತ್ತದೆ. ಗಂಟಿಗೆ ಕ್ಯಾರಬಿನರ್ ಎಂಬ ಲೋಹದ ಕೊಂಡಿ. ಜೀನಿನ ಎರಡು ಬದಿಯನ್ನೂ ಸೇರಿಸುವ ಗಿಡ್ಡ ಹಗ್ಗಕ್ಕೆ ಬ್ರಿಡ್ಜ್ ಅಂತ ಹೆಸರು. ಅದು ಈ ಕೊಂಡಿಯೊಳಗೆ ಹಾದುಹೋಗುತ್ತದೆ. ಕಾಲಡಿಗೆ ಪುಟ್ಟದೊಂದು ಹಲಗೆ. ಬೇಟೆಗಾರ ಮರಕ್ಕೆ ಮುಖ ಮಾಡಿ ಹಿಂದಕ್ಕೆ ವಾಲಿ ಕೂರುತ್ತಾನೆ. ಜಿಂಕೆ ಬಂದ ಕಡೆಗೆ ಮರದ ಸುತ್ತ ತಿರುಗಬಹುದು.

ಹೊಸದು ಕೊಳ್ಳಬೇಕು ಅಂತ ಅವರಿಗೆ ಅನ್ನಿಸಿದ್ದು ಸೊಂಟನೋವಿನಿಂದ. ಎರಡು ಗಂಟೆ ಕೂತರೆ ಸೊಂಟದ ಎರಡೂ ಬದಿಯನ್ನು ಯಾರೋ ಇಕ್ಕಳದಲ್ಲಿ ಹಿಡಿದಂತೆ ಆಗುತ್ತಿತ್ತಂತೆ. ತಮ್ಮ ಹೊಲಿಗೆಯೇ ಸರಿಯಿಲ್ಲ ಅಂದುಕೊಂಡಿದ್ದರು. ನಾನು ನೋಡಿದಾಗ ಕಂಡದ್ದು ಬೇರೆ: ಬ್ರಿಡ್ಜ್ ತೀರಾ ಗಿಡ್ಡ.

ತೊಟ್ಟಿಲನ್ನು ನೆನಪಿಸಿಕೊಳ್ಳಿ. ಸೀರೆಯಲ್ಲಿ ಕಟ್ಟಿದ ಜೋಳಿಗೆ ತೊಟ್ಟಿಲು. ಮೇಲಿನ ಗಂಟು ದೂರ ಇದ್ದರೆ ಮಗು ಆರಾಮಾಗಿ ಕೈಕಾಲು ಆಡಿಸುತ್ತದೆ. ಗಂಟು ಹತ್ತಿರ ಬಂದಷ್ಟೂ ಬಟ್ಟೆ ಎರಡೂ ಕಡೆಯಿಂದ ಒತ್ತುತ್ತದೆ. ಬ್ರಿಡ್ಜ್‌ನ ಎರಡು ಎಳೆಗಳ ನಡುವಿನ ಕೋನದ ಕತೆಯೂ ಇದೇ. 80 ಕೆಜಿಯ ಮನುಷ್ಯ ಪೂರ್ತಿ ಭಾರ ಬಿಟ್ಟು ಕೂತಿದ್ದಾನೆ ಅನ್ನೋಣ. ಕೋನ 60 ಡಿಗ್ರಿ ಇದ್ದರೆ ಸೊಂಟದ ಒಂದೊಂದು ಬದಿಯನ್ನೂ ಒಳಕ್ಕೆ ಒತ್ತುವ ಬಲ ಸುಮಾರು 23 ಕೆಜಿ ತೂಕದಷ್ಟು. 90 ಡಿಗ್ರಿ ಆದರೆ 40 ಕೆಜಿ. 120ಕ್ಕೆ ಹೋದರೆ 69. ಅಷ್ಟು ಹೊತ್ತಿಗೆ ಹಗ್ಗದ ಒಂದೊಂದು ಎಳೆಯೂ ಪೂರ್ತಿ 80 ಕೆಜಿ ಎಳೆತ ಹೊತ್ತಿರುತ್ತದೆ. ಎರಡು ಎಳೆ ಇದ್ದರೂ ಭಾರ ಅರ್ಧರ್ಧ ಆಗಲೇ ಇಲ್ಲ!

ಅಂದರೆ ಬ್ರಿಡ್ಜ್ ಒಂದು ಗೇಣು ಉದ್ದ ಮಾಡಿದರೆ ಸೊಂಟ ಹಿಂಡುವುದು ಎಷ್ಟೋ ತಗ್ಗುತ್ತದೆ. ಅದಕ್ಕೆ ಹೊಸ ಜೀನು ಬೇಕಿಲ್ಲ. ನೋವು ಕಾಣಿಸುತ್ತದೆ, ಹಾಗಾಗಿ ದುಡ್ಡು ಬಿಚ್ಚಲು ಅದೇ ಕಾರಣವಾಗುತ್ತದೆ. ಜೀವಕ್ಕೆ ಕುತ್ತು ತರುವ ದೋಷಗಳು ನೋಯುವುದಿಲ್ಲ.

ಹಾಗಾದರೆ ಆ ದೋಷ ಎಲ್ಲಿರಬಹುದು? ಪಟ್ಟಿಯಲ್ಲಿರುವ ಸಂಭವ ಕಡಿಮೆ. ಸೊಂಟಕ್ಕೆ ಮಾತ್ರ ಬಿಗಿಯುವ ಸೀಟ್ ಬೆಲ್ಟ್‌ನ ಹೊಸ ಪಟ್ಟಿ ಸುಮಾರು 2,700 ಕೆಜಿ ಎಳೆತ ತಾಳಬೇಕು ಅಂತ ಅಮೆರಿಕದ ನಿಯಮವೇ ಇದೆ. ಗುಜರಿ ಕಾರಿನದು ಅಂದರೆ ಒಂದು ಅನುಮಾನ: ಅಪಘಾತದಲ್ಲಿ ಒಮ್ಮೆ ಜಗ್ಗಿದ ಬೆಲ್ಟನ್ನು ಬದಲಿಸಿ ಅನ್ನುತ್ತಾರೆ. ಆ ಕಾರು ಗುಜರಿಗೆ ಬಂದದ್ದು ಯಾಕೆ? ಆದರೂ ಪಟ್ಟಿ ಹರಿಯುವ ಮೊದಲು ಹೊಲಿಗೆ ಬಿಚ್ಚುವ ಸಂಭವವೇ ಜಾಸ್ತಿ.

ಅಂಗಿ ಹೊಲಿಯುವ ಮಾಮೂಲಿ ಪಾಲಿಯೆಸ್ಟರ್ ದಾರ ಒಂದು ಕೆಜಿ ಆಸುಪಾಸಿನಲ್ಲಿ ತುಂಡಾಗುತ್ತದೆ. ಮನೆಯ ಯಂತ್ರ ಕಷ್ಟಪಟ್ಟು ನುಂಗಬಲ್ಲ 69ನೇ ನಂಬರಿನ ನೈಲಾನ್ ದಾರ ಐದು ಕೆಜಿ. 138ನೇ ನಂಬರಿನದು ಹತ್ತು ಕೆಜಿ, ಆದರೆ ಅದಕ್ಕೆ ಚರ್ಮ ಹೊಲಿಯುವಂಥ ಗಟ್ಟಿ ಯಂತ್ರ ಬೇಕು. ನೂರಿನ್ನೂರು ಹೊಲಿಗೆ ಹಾಕಿದರೆ ಆಯ್ತಲ್ಲ, ಗುಣಿಸಿಬಿಡೋಣ ಅನ್ನಿಸುತ್ತದೆ. ಎಡವಟ್ಟು ಇಲ್ಲೇ. ಎಲ್ಲ ಹೊಲಿಗೆಗಳೂ ಭಾರವನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. ಎರಡು ಪಟ್ಟಿ ಸೇರುವ ಜಾಗದ ಎರಡು ತುದಿಯಲ್ಲಿರುವ ಹೊಲಿಗೆಗಳ ಮೇಲೆ ಹೆಚ್ಚು ಎಳೆತ ಬೀಳುತ್ತದೆ, ನಡುವಿನವು ಆರಾಮಾಗಿರುತ್ತವೆ. ತುದಿಯದು ತುಂಡಾದರೆ ಅದರ ಭಾರ ಪಕ್ಕದ್ದಕ್ಕೆ. ಆಮೇಲೆ ಜಿಪ್ ಬಿಚ್ಚಿದ ಹಾಗೆ. ಪರ್ವತಾರೋಹಣದ ಬೆಲ್ಟುಗಳಲ್ಲಿ ಪಟ್ಟಿಗೆ ಒಂದು ಬಣ್ಣ, ದಾರಕ್ಕೆ ಇನ್ನೊಂದು ಬಣ್ಣ ಇರುವುದನ್ನು ನೋಡಿರಬಹುದು. ಅದು ಚೆಂದಕ್ಕಲ್ಲ. ದಾರ ಸವೆದರೆ ಕಣ್ಣಿಗೆ ಬೀಳಲಿ ಅಂತ. ನಮ್ಮ ಬೇಟೆಗಾರರು ಜಿಂಕೆಗೆ ಕಾಣಬಾರದೆಂದು ಕಂದು ಪಟ್ಟಿಗೆ ಕಂದು ದಾರವನ್ನೇ ಹಾಕಿದ್ದರು. ಜಿಂಕೆಗೂ ಕಾಣುವುದಿಲ್ಲ, ಅವರಿಗೂ ಕಾಣುವುದಿಲ್ಲ.

"ಆರು ವರ್ಷ ಏನೂ ಆಗಿಲ್ಲವಲ್ಲ?" ಅಂದರು. ನಿಜ. ಆದರೆ ಆರು ವರ್ಷವೂ ಅದು ಹೊತ್ತದ್ದು ಅವರ ತೂಕವನ್ನು ಮಾತ್ರ. 80 ಕೆಜಿ ಹೊರುವ ಹೊಲಿಗೆ ನೂರು ಕೆಜಿಗೆ ಬಿಚ್ಚುತ್ತದೋ, ಸಾವಿರ ಕೆಜಿಗೋ ಅನ್ನುವುದನ್ನು ಅದರ ಮೇಲೆ ಕೂತು ತಿಳಿಯಲಾಗದು. ಎರಡರ ಮೇಲೂ ಒಂದೇ ಥರ ಕೂರಬಹುದು.

ವ್ಯತ್ಯಾಸ ತಿಳಿಯುವುದು ಜಾರಿದ ದಿನ. ಟೆದರ್ ಬಿಗಿಯಾಗಿದ್ದಾಗ ಕಾಲು ಜಾರಿದರೆ ಹೆಚ್ಚೇನೂ ಆಗುವುದಿಲ್ಲ, ನೇತಾಡುತ್ತೀರಿ ಅಷ್ಟೇ. ಆದರೆ ಹಲಗೆಯ ಮೇಲೆ ಎದ್ದು ನಿಂತು ಹಗ್ಗ ಎರಡಡಿ, ಅಂದರೆ 60 ಸೆಂಟಿಮೀಟರ್, ಸಡಿಲವಾಗಿದ್ದಾಗ ಜಾರಿದರೆ? ಲೆಕ್ಕ ಸುಲಭ. 60 ಸೆಂಟಿಮೀಟರ್ ಬಿದ್ದು 30ರಲ್ಲಿ ನಿಂತರೆ ಸರಾಸರಿ ಹೊಡೆತ ನಿಮ್ಮ ತೂಕದ ಮೂರು ಪಟ್ಟು. 10 ಸೆಂಟಿಮೀಟರ್‌ನಲ್ಲಿ ನಿಂತರೆ ಏಳು ಪಟ್ಟು: 560 ಕೆಜಿ. 5ರಲ್ಲಿ ನಿಂತರೆ ಹದಿಮೂರು ಪಟ್ಟು, ಸಾವಿರ ಕೆಜಿ ದಾಟಿತು. ಇದು ಸರಾಸರಿ. ಆ ಕ್ಷಣದ ಗರಿಷ್ಠ ಇನ್ನೂ ಜಾಸ್ತಿ. ಅಮೆರಿಕದಲ್ಲಿ ಎತ್ತರದಲ್ಲಿ ಕೆಲಸ ಮಾಡುವವರ ಮೈಮೇಲೆ, ಪೂರ್ತಿ ಮೈಗೆ ತೊಡುವ ಹಾರ್ನೆಸ್ ಇದ್ದರೂ, 1,800 ಪೌಂಡ್, ಅಂದರೆ ಸುಮಾರು 815 ಕೆಜಿಗಿಂತ ಹೆಚ್ಚು ಹೊಡೆತ ಬೀಳುವಂತಿಲ್ಲ. ಸೊಂಟಪಟ್ಟಿ ಒಂದನ್ನೇ ಕಟ್ಟಿಕೊಂಡು ಬೀಳುವಿಕೆಯನ್ನು ತಡೆಯುವುದು ಕಟ್ಟಡ ಕೆಲಸದಲ್ಲಿ 1998ರಿಂದ ನಿಷಿದ್ಧ.

ಇದರಲ್ಲೊಂದು ತಮಾಷೆ ಇದೆ. ಹೊಸದು ಕೊಳ್ಳುವವರು "ಗಟ್ಟಿ" ಹಗ್ಗವನ್ನೇ ಹುಡುಕುತ್ತಾರೆ. ಡೈನೀಮಾದಂಥ ಪಾಲಿಥಿಲೀನ್ ನಾರು ತೂಕಕ್ಕೆ ತೂಕ ಹೋಲಿಸಿದರೆ ಉಕ್ಕನ್ನೂ ಮೀರಿಸುತ್ತದೆ. ಆದರೆ ಅದು ಹಿಗ್ಗುವುದೇ ಇಲ್ಲ ಅನ್ನುವಷ್ಟು ಕಡಿಮೆ ಹಿಗ್ಗುತ್ತದೆ. ಅಂದರೆ ಬಿದ್ದವನು ಥಟ್ಟನೆ ನಿಲ್ಲುತ್ತಾನೆ. ಹಗ್ಗ ಉಳಿಯುತ್ತದೆ, ಪೆಟ್ಟೆಲ್ಲ ಬೆನ್ನಿಗೆ ಮತ್ತು ಹೊಲಿಗೆಗೆ. ಜಾರು ನಾರಾದ್ದರಿಂದ ಅದರಲ್ಲಿ ಗಂಟೂ ಸರಿಯಾಗಿ ನಿಲ್ಲದು, ಹೆಣೆದು ಸೇರಿಸಬೇಕು. ಸುಮಾರು 145 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಬಿಡುತ್ತದೆ. ಹಗ್ಗದ ಮೇಲೆ ಹಗ್ಗ ರಭಸದಿಂದ ಉಜ್ಜುವ ಜಾಗದಲ್ಲಿ ಇದು ಸಣ್ಣ ವಿಷಯವಲ್ಲ. ನೈಲಾನ್ ಹಿಗ್ಗುತ್ತದೆ, ಆದರೆ ಒದ್ದೆಯಾದರೆ ಹತ್ತು ಹದಿನೈದು ಶೇಕಡಾ ಬಲ ಕಳೆದುಕೊಳ್ಳುತ್ತದೆ, ಬಿಸಿಲಿಗೆ ಸೊರಗುತ್ತದೆ. ಯಾವುದಕ್ಕೇ ಗಂಟು ಹಾಕಿದರೂ ಒಂದಷ್ಟು ಬಲ ಕೈಬಿಟ್ಟಂತೆಯೇ.

ಹೀಗಿರುವಾಗ ಅಂಗಡಿಯ ಜೀನು ಯಾಕೆ ಮೇಲು? ದಾರ ಇನ್ನಷ್ಟು ಗಟ್ಟಿ ಇರಬಹುದು. ಆದರೆ ನನಗೆ ಕಂಡಂತೆ ದೊಡ್ಡ ಕಾರಣ ಒಂದೇ: ಕಾರ್ಖಾನೆಯವರು ಕೆಲವನ್ನು ಹರಿದು ನೋಡಬಲ್ಲರು.

ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡುತ್ತೇವಲ್ವಾ? ಆ ಅಗುಳು ಹಾಳಾಯಿತು, ಆದರೆ ಇಡೀ ಪಾತ್ರೆಯ ಸುದ್ದಿ ಸಿಕ್ಕಿತು. ಒಂದೇ ಯಂತ್ರ, ಒಂದೇ ದಾರ, ಒಂದೇ ಥರ ಹೊಲಿದ ನೂರು ಜೀನುಗಳಲ್ಲಿ ಕೆಲವನ್ನು ಯಂತ್ರಕ್ಕೆ ಸಿಕ್ಕಿಸಿ ಹರಿಯುವ ತನಕ ಎಳೆದರೆ ಉಳಿದವುಗಳ ಬಗ್ಗೆ ನಂಬಿಕೆಯಿಂದ ಮಾತಾಡಬಹುದು. ಪರ್ವತಾರೋಹಣದ ಸಲಕರಣೆಗಳಲ್ಲಿ ಇನ್ನೂ ಹುಷಾರಾದ ಪದ್ಧತಿಯಿದೆ: ಹರಿದ ಬಲಗಳ ಸರಾಸರಿಯನ್ನು ಹಾಗೇ ಅಚ್ಚು ಹಾಕದೆ, ಅವು ಎಷ್ಟು ಏರುಪೇರಾಗುತ್ತವೆ ನೋಡಿ, ಆ ಏರುಪೇರಿನ ಅಳತೆಯ ಮೂರು ಪಟ್ಟನ್ನು ಕಳೆದು ಬರೆಯುವವರಿದ್ದಾರೆ. ಸಂಖ್ಯಾಶಾಸ್ತ್ರದಲ್ಲಿ ಇದು ತ್ರೀ ಸಿಗ್ಮಾ. ಮನೆಯಲ್ಲಿ ಹೊಲಿದವರ ಪಾತ್ರೆಯಲ್ಲಿರುವುದು ಒಂದೇ ಅಗುಳು. ಹಿಸುಕಿದರೆ ಊಟವಿಲ್ಲ, ಹಿಸುಕದಿದ್ದರೆ ಬೆಂದದ್ದು ಗೊತ್ತಾಗುವುದಿಲ್ಲ.

ಅದಕ್ಕೇ ನಾನು ಅವರಿಗೆ ಹೇಳಿದ್ದು: ಸೊಂಟದ ಕಾರಣಕ್ಕೆ ಕೊಳ್ಳಬೇಡಿ. ನಿಮ್ಮ ಹೊಲಿಗೆಯ ಮೇಲೇ ನಂಬಿಕೆ ಇದ್ದರೆ ಅದೇ ಪಟ್ಟಿ, ಅದೇ ದಾರದಲ್ಲಿ ಅದೇ ಜೋಡಣೆಯ ನಾಲ್ಕಾರು ತುಂಡು ಹೊಲಿಯಿರಿ. ಚೈನ್ ಪುಲ್ಲಿ, ತೂಕ ತೋರಿಸುವ ಕ್ರೇನ್ ಸ್ಕೇಲ್ ತಂದು ದೂರ ನಿಂತು ಹರಿಯಿರಿ. ಅದಕ್ಕೆ ತಾಳ್ಮೆ ಇಲ್ಲವೆಂದರೆ ಪರೀಕ್ಷೆ ಆದದ್ದನ್ನೇ ಕೊಳ್ಳಿ. ಎರಡರಲ್ಲಿ ಯಾವುದಾದರೂ ಸರಿ. ಆದರೆ ಹೊಸದು ಬಂದ ಮೇಲೂ ಹಗ್ಗ ಸಡಿಲ ಬಿಟ್ಟು ನಿಂತರೆ ಲೆಕ್ಕ ಮೇಲೆ ಹೇಳಿದ್ದೇ.

ಕಾರ್ಖಾನೆಯದು ಅಂದಮೇಲೆ ಚಿಂತೆಯಿಲ್ಲ ಅನ್ನುವಂತೆಯೂ ಇಲ್ಲ. ಟಾಡ್ ಸ್ಕಿನ್ನರ್ ಅಮೆರಿಕದ ಹೆಸರಾಂತ ಪರ್ವತಾರೋಹಿ. 2006ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿಯ ಲೀನಿಂಗ್ ಟವರ್ ಬಂಡೆಯಿಂದ ಹಗ್ಗದ ಮೇಲೆ ಇಳಿಯುತ್ತಿದ್ದಾಗ ಅವರ ಹಾರ್ನೆಸ್‌ನ ಮುಂಭಾಗದ ಕುಣಿಕೆ ಹರಿದು ಬಿದ್ದು ತೀರಿಕೊಂಡರು. ಕುಣಿಕೆ ಸವೆದಿತ್ತು. ಸವೆದದ್ದು ಅವರಿಗೂ ಗೊತ್ತಿತ್ತು. ಹೊಸದಕ್ಕೆ ಆರ್ಡರ್ ಹೋಗಿತ್ತು.

ಈ ಕತೆ ಕೇಳಿ ನಮ್ಮ ಬೇಟೆಗಾರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು: ಬಟ್ಟೆಯದು ಎಷ್ಟು ವರ್ಷ ಬಾಳುತ್ತದೆ? ಬಳಸದೆ ಪೆಟ್ಟಿಗೆಯಲ್ಲಿಟ್ಟರೂ 10 ವರ್ಷಕ್ಕೆ ಸಾಕು ಮಾಡಿ ಅನ್ನುತ್ತಾರೆ ಅನೇಕ ತಯಾರಕರು. ಬಿಸಿಲು ಮಳೆ ಕಂಡದ್ದಾದರೆ ಅದಕ್ಕಿಂತ ಬೇಗ.

ಮುಂದಿನ ತಿಂಗಳು ಗೆಳೆಯ ಫೋಟೊ ಕಳಿಸಿದ. ಹೊಸ ಜೀನು ಬಂದಿತ್ತು. ಹಳೆಯದನ್ನು ಯಾರೂ ಮರೆತು ಮತ್ತೆ ಕಟ್ಟಿಕೊಳ್ಳಬಾರದೆಂದು ಕತ್ತರಿಯಿಂದ ತುಂಡು ಮಾಡಿದ್ದರು. ಸೀಟ್ ಬೆಲ್ಟ್ ಪಟ್ಟಿಗಳು ಹಿತ್ತಲಿನಲ್ಲಿ ಟೊಮೆಟೊ ಗಿಡಗಳನ್ನು ಕೋಲಿಗೆ ಕಟ್ಟಲು ಹೋಗಿದ್ದವು. ಒಂದೊಂದು ಗಿಡಕ್ಕೂ ಎರಡು ಸಾವಿರದೇಳ್ನೂರು ಕೆಜಿ ತಾಳುವ ಪಟ್ಟಿ!