ಬಾಸುಂಡೆ ಮಾಸುವ ಮುನ್ನ

ಕಾಫಿ ಕೊಯ್ಲಿನ ದಿನಗಳಲ್ಲಿ ಮಡಿಕೇರಿಯ ನನ್ನ ವಕೀಲಿ ಕಚೇರಿಗೆ ಬರುವವರಲ್ಲಿ ಲೈನ್ ಮನೆಗಳ, ಅಂದರೆ ತೋಟದ ಕೂಲಿಗಳ ಸಾಲುಮನೆಗಳ, ಹೆಂಗಸರೇ ಹೆಚ್ಚು. ಕಣದಲ್ಲಿ ಒಣಗಲು ಹಾಕಿದ್ದ ಕಾಫಿಯೋ ಕರಿಮೆಣಸೋ ಕಳುವಾಗಿರುತ್ತದೆ, ತೋಟದವರು ದೂರು ಕೊಟ್ಟಿರುತ್ತಾರೆ, ಅನುಮಾನ ನೇರವಾಗಿ ಲೈನ್ ಮನೆಯ ಬಾಗಿಲಿಗೆ ಬಂದು ನಿಂತಿರುತ್ತದೆ. ಕೆಲವು ವರ್ಷಗಳ ಹಿಂದೆ ಯರವ ಬುಡಕಟ್ಟಿನ ವಯಸ್ಸಾದ ತಾಯಿಯೊಬ್ಬರು ಬಂದರು. "ಅಮ್ಮಾ, ಸೋಮವಾರ ಸಂಜೆ ಮಗನನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ವಿಚಾರಿಸಿ ಕಳಿಸುತ್ತೇವೆ ಅಂದರು. ಇವತ್ತು ಗುರುವಾರ." ಠಾಣೆಗೆ ಫೋನ್ ಮಾಡಿದರೆ ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂಬ ಉತ್ತರ ಬಂತು. ಶುಕ್ರವಾರ ಮಧ್ಯಾಹ್ನ ಅವನನ್ನು ನ್ಯಾಯಾಲಯಕ್ಕೆ ಹಾಜರುಪಡಿಸಿದರು. ಕಸ್ಟಡಿ ಕೋರುವ ರಿಮ್ಯಾಂಡ್ ಅರ್ಜಿಯಲ್ಲಿ ಬಂಧನದ ಸಮಯ ಗುರುವಾರ ರಾತ್ರಿ ಒಂಬತ್ತು ಗಂಟೆ ಎಂದಿತ್ತು.

ನಡುವಿನ ಮೂರು ದಿನಗಳು ಯಾವ ಪುಸ್ತಕದಲ್ಲೂ ಇಲ್ಲ. ನಾನು ಕಂಡಂತೆ ಠಾಣೆಯ ಹಿಂಸೆ ಬಹುಮಟ್ಟಿಗೆ ನಡೆಯುವುದು ಹೀಗೆ ಪುಸ್ತಕಕ್ಕೆ ಏರದ ದಿನಗಳಲ್ಲಿ. ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಗಡಿಯಾರ ಶುರುವಾಗುವುದು ಯಾವಾಗ ಎಂಬುದನ್ನು ಮಾತ್ರ ಠಾಣೆಯವರೇ ಬರೆದುಕೊಳ್ಳುತ್ತಾರೆ. ಅದಕ್ಕಾಗಿಯೇ ನಮ್ಮ ಹಿರಿಯ ವಕೀಲರು ಮನೆಯವರನ್ನು ಮೊದಲು ತಂತಿ ಕಚೇರಿಗೆ ಓಡಿಸುತ್ತಿದ್ದರು. "ನನ್ನ ಮಗನನ್ನು ಇಂಥ ದಿನ ಇಷ್ಟು ಹೊತ್ತಿಗೆ ಇಂಥ ಠಾಣೆಯವರು ಕರೆದೊಯ್ದಿದ್ದಾರೆ" ಎಂದು ಮ್ಯಾಜಿಸ್ಟ್ರೇಟರಿಗೂ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೂ ಒಂದೊಂದು ತಂತಿ. ಅದರ ಮೇಲಿನ ಸಮಯವನ್ನು ಯಾವ ಪೊಲೀಸರೂ ತಿದ್ದಲಾರರು. 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು. ಈಗ ಅದೇ ಕೆಲಸವನ್ನು ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ರಸೀದಿ ಮಾಡುತ್ತವೆ. ಮೊಬೈಲ್ ಇರುವ ಮಗಳೋ ಮೊಮ್ಮಗನೋ ಇದ್ದರೆ ಮೊದಲು ಇದನ್ನು ಮಾಡಲಿ. ವಕೀಲರನ್ನು ಆಮೇಲೆ ಹುಡುಕಬಹುದು.

1996ರ ಡಿಸೆಂಬರ್‌ನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಹನ್ನೊಂದು ನಿರ್ದೇಶನಗಳನ್ನು ಪೊಲೀಸರೂ ಬಲ್ಲರು, ವಕೀಲರೂ ಬಲ್ಲರು. ಬಂಧನ ಜ್ಞಾಪನದಲ್ಲಿ ದಿನಾಂಕ ಮತ್ತು ಸಮಯ ಇರಬೇಕು, ಮನೆಯವರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು, ಬಂಧಿತನೂ ಸಹಿ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೇ ಕಲಮಿನಲ್ಲೂ ಈ ಸಹಿಗಳ ನಿಯಮ ಇದೆ. ನಮ್ಮ ಹಾಡಿಗಳ (ಬುಡಕಟ್ಟು ಕೇರಿಗಳ) ಜನ ಓದದೆಯೇ ಹೆಬ್ಬೆಟ್ಟು ಒತ್ತುತ್ತಾರೆ. ಸಾಕ್ಷಿಯ ಜಾಗದಲ್ಲಿ ಎಷ್ಟೋ ಸಲ ದೂರು ಕೊಟ್ಟ ತೋಟದ ರೈಟರ್ (ಗುಮಾಸ್ತ) ಹೆಸರನ್ನೇ ನಾನು ಓದಿದ್ದೇನೆ.

ವೈದ್ಯರ ಪರೀಕ್ಷೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ನನ್ನ ಅನುಭವದಲ್ಲಿ ಪ್ರಕರಣ ಉಳಿಯುವುದೂ ಬೀಳುವುದೂ ಅಲ್ಲಿಯೇ. ಲಾಠಿಯ ಬಾಸುಂಡೆ ಮೊದಲು ಕೆಂಪಗಿದ್ದು, ನೀಲಿಗೆ ತಿರುಗಿ, ಹಸಿರಾಗಿ, ಹಳದಿಯಾಗಿ ಎರಡು ವಾರಗಳಲ್ಲಿ ಹೆಚ್ಚುಕಡಿಮೆ ಮಾಸಿಹೋಗುತ್ತದೆ. ಅಂಗಾಲಿಗೆ ಹೊಡೆದರೆ ಅಷ್ಟೂ ಕಾಣುವುದಿಲ್ಲ. ಬರಿಗಾಲಲ್ಲಿ ತೋಟ ತಿರುಗಿದ ದಪ್ಪ ಚರ್ಮದ ಮೇಲೆ ಗುರುತು ಮೂಡುವುದೇ ಕಷ್ಟ, ನಡೆಯುವಾಗ ಮಾತ್ರ ನೋವು ಗೊತ್ತಾಗುತ್ತದೆ. ಸಂಹಿತೆಯ 53ನೇ ಕಲಮಿನ ಪ್ರಕಾರ ಬಂಧನವಾದ ಕೂಡಲೇ ವೈದ್ಯರು ಪರೀಕ್ಷಿಸಿ, ಗಾಯಗಳನ್ನೂ ಅವು ಸುಮಾರು ಯಾವಾಗ ಆದವೆಂಬುದನ್ನೂ ಬರೆಯಬೇಕು. ಆ ವರದಿಯ ಒಂದು ಪ್ರತಿಯನ್ನು ಬಂಧಿತನಿಗೆ ಅಥವಾ ಅವನು ಹೇಳಿದವರಿಗೆ ಕೊಡಬೇಕು. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಡಿ. ಪ್ರತಿ ಕೇಳುವವರೇ ಇಲ್ಲ, ಹಾಗಾಗಿ ಕೊಡುವವರೂ ಇಲ್ಲ.

ಆಸ್ಪತ್ರೆಯಲ್ಲಿ ಆಗುವುದೇನು? ಹೊರರೋಗಿಗಳ ಸಾಲು ಉದ್ದವಿರುತ್ತದೆ, ಕರೆತಂದ ಪೊಲೀಸರು ಮಗ್ಗುಲಲ್ಲೇ ನಿಂತಿರುತ್ತಾರೆ, ಅಂಗಿ ಬಿಚ್ಚಿಸದೆಯೇ "ಹೊರಗಾಯಗಳಿಲ್ಲ" ಎಂದು ಬರೆದು ಮುಗಿಸುತ್ತಾರೆ. ನಾನು ಹೇಳುತ್ತಿರುವ ಯುವಕನ ಅದೃಷ್ಟಕ್ಕೆ ಅಂದು ಕೆಲಸದಲ್ಲಿದ್ದ ಕಿರಿಯ ವೈದ್ಯೆ ಪೊಲೀಸರನ್ನು ಪರದೆಯ ಆಚೆಗೆ ಕಳಿಸಿದರು. ಎರಡೇ ಸಾಲು ಬರೆದರು: "ಬೆನ್ನು ಮತ್ತು ತೊಡೆಯ ಮೇಲೆ ಉದ್ದನೆಯ ಜೋಡಿ ಬಾಸುಂಡೆಗಳು, ಎರಡರಿಂದ ನಾಲ್ಕು ದಿನ ಹಳೆಯವು. ಎರಡೂ ಅಂಗಾಲುಗಳಲ್ಲಿ ಮುಟ್ಟಿದರೆ ನೋವು." ಹಿಂದಿನ ರಾತ್ರಿ ಬಂಧಿಸಿದೆವು ಎಂಬ ಕಾಗದವನ್ನು ಸುಳ್ಳಾಗಿಸಲು "ಎರಡರಿಂದ ನಾಲ್ಕು ದಿನ" ಎಂಬ ಆ ಮಾತು ಸಾಕಾಯಿತು.

ಇನ್ನು ಮ್ಯಾಜಿಸ್ಟ್ರೇಟರ ಪ್ರಶ್ನೆ. ಹಿಂಸೆಯ ದೂರು ಇದೆಯೇ ಎಂದು ಬಂಧಿತನನ್ನು ಕೇಳಬೇಕು, ವೈದ್ಯಕೀಯ ಪರೀಕ್ಷೆಯ ಹಕ್ಕು ಅವನಿಗಿದೆ ಎಂದು ತಿಳಿಸಬೇಕು ಎಂಬುದು 1983ರ ಶೀಲಾ ಬಾರ್ಸೆ ತೀರ್ಪಿನಿಂದ ಬಂದ ಕರ್ತವ್ಯ. ಕೇಳುತ್ತಾರೆ ಕೂಡ. ಹೊಡೆದವರು ಎರಡು ಅಡಿ ದೂರದಲ್ಲಿದ್ದಾಗ, ತನ್ನದಲ್ಲದ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಯರವ ಹುಡುಗನೋ ಅಸ್ಸಾಮಿನಿಂದ ಬಂದ ಕೂಲಿಯೋ ತಲೆ ಅಲ್ಲಾಡಿಸುತ್ತಾನೆ. ಆದೇಶ ಹಾಳೆಯಲ್ಲಿ "ಕಿರುಕುಳದ ದೂರು ಇಲ್ಲ" ಎಂದು ದಾಖಲಾಗುತ್ತದೆ. ಆರು ತಿಂಗಳ ನಂತರ ಅವನು ಸತ್ಯ ಹೇಳಿದರೆ ಅದೇ ಸಾಲನ್ನು ಅವನ ಮುಖಕ್ಕೆ ಹಿಡಿಯುತ್ತಾರೆ. ಮೌನವಾಗಿ ತಲೆ ಅಲ್ಲಾಡಿಸಿದ್ದನ್ನು ಒಪ್ಪಿಗೆ ಎಂದು ಬರೆಯುವುದು ಅನ್ಯಾಯ ಎಂದು ನಾನು ತೆರೆದ ನ್ಯಾಯಾಲಯದಲ್ಲೇ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ. ಪೊಲೀಸರನ್ನು ಹೊರಗೆ ಕಳಿಸಿ, ಭಾಷೆ ಬಲ್ಲವರೊಬ್ಬರನ್ನು ಕರೆಸಿ ಕೇಳಲು ಐದು ನಿಮಿಷ ಬೇಕು. ಹೊಸ ಸಂಹಿತೆಯಲ್ಲಿ ಇನ್ನೊಂದು ಭಯ ಸೇರಿಕೊಂಡಿದೆ. ಹದಿನೈದು ದಿನಗಳ ಪೊಲೀಸ್ ಕಸ್ಟಡಿಯನ್ನು ಮೊದಲಿನಂತೆ ಆರಂಭದಲ್ಲೇ ಮುಗಿಸಬೇಕಿಲ್ಲ. ಅಪರಾಧದ ಸ್ವರೂಪ ನೋಡಿ ಮೊದಲ 40 ಅಥವಾ 60 ದಿನಗಳಲ್ಲಿ ಬಿಡಿಬಿಡಿಯಾಗಿಯೂ ಕೇಳಬಹುದು. ಜೈಲಿಗೆ ಹೋದವನಿಗೂ ಮತ್ತೆ ಠಾಣೆಗೆ ಮರಳುವ ಅಂಜಿಕೆ ಇದ್ದೇ ಇರುತ್ತದೆ.

"ಹೊಡೆಯದೆ ಬಾಯಿ ಬಿಡುತ್ತಾರೆಯೇ?" ಎಂದು ಕೇಳುವವರು ಪೊಲೀಸರಷ್ಟೇ ಅಲ್ಲ, ಓದಿದ ಗಣ್ಯರೂ ಇದ್ದಾರೆ. ಅವರಿಗೆ ಕುಶಾಲನಗರ ತಾಲ್ಲೂಕಿನ ಹಾಡಿಯ ಕೂಲಿ ಕಾರ್ಮಿಕನೊಬ್ಬನ ಕಥೆ ಹೇಳುತ್ತೇನೆ. ಹೆಂಡತಿ ಕಾಣೆಯಾಗಿದ್ದಾಳೆಂದು ದೂರು ಕೊಟ್ಟವನು ಅವನೇ. ಪಕ್ಕದ ಮೈಸೂರು ಜಿಲ್ಲೆಯ ಬೆಟ್ಟದಪುರದ ಬಳಿ ಸಿಕ್ಕ ಅಸ್ಥಿಪಂಜರ ಅವಳದೇ ಎಂದು, ಕೊಂದವನು ಇವನೇ ಎಂದು ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಡಿಎನ್ಎ ಹೊಂದಲಿಲ್ಲ. ಅವನು ಒಂದು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತವಾಗಿ ಸಿಕ್ಕಳು. ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಠಾಣೆಯ ಗೋಡೆಗಳ ನಡುವೆ ಹೊರಟ ತಪ್ಪೊಪ್ಪಿಗೆಯನ್ನು ಕಾನೂನು ಸಾಕ್ಷ್ಯವೆಂದು ಒಪ್ಪದಿರುವುದು ಇಂಥ ಕಾರಣಗಳಿಗೇ. ತಪ್ಪೊಪ್ಪಿಸಲು ಹೊಡೆದರೆ ಏಳು ವರ್ಷದವರೆಗೆ, ತೀವ್ರ ಗಾಯವಾದರೆ ಹತ್ತು ವರ್ಷದವರೆಗೆ ಶಿಕ್ಷೆ ಎಂದು ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಮು ಹೇಳುತ್ತದೆ.

ಶಿಕ್ಷೆ ಅಷ್ಟು ಕಠಿಣವಿದ್ದೂ ಏಕೆ ತಟ್ಟುವುದಿಲ್ಲ? ಲಾಕಪ್ಪಿನಲ್ಲಿ ಹೊಡೆದದ್ದನ್ನು ನೋಡಿದವರು ಹೊಡೆದವರ ಸಹೋದ್ಯೋಗಿಗಳೇ. ಕಸ್ಟಡಿಯಲ್ಲಿದ್ದವನಿಗೆ ಗಾಯವಾದರೆ ಅದು ಪೊಲೀಸರಿಂದಲೇ ಆಯಿತೆಂದು ನ್ಯಾಯಾಲಯ ಭಾವಿಸಲು ಅವಕಾಶವಿರಲಿ ಎಂದು ಕಾನೂನು ಆಯೋಗ 1985ರಲ್ಲೇ, ತನ್ನ 113ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಅದಕ್ಕೆ ಜಾಗ ಸಿಗಲಿಲ್ಲ. ಅದರ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮು ಇದೆ. ಕರ್ತವ್ಯದ ನೆಪದಲ್ಲಿ ಮಾಡಿದ ಕೃತ್ಯಕ್ಕೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮೊಕದ್ದಮೆ ನಡೆಯುವುದಿಲ್ಲ. ಬೆಂಗಳೂರಿನ ಪ್ರಕರಣವೊಂದರಲ್ಲಿ 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಈ ರಕ್ಷಣೆಯನ್ನು ಎತ್ತಿಹಿಡಿಯಿತು. ಕರ್ತವ್ಯದ ಮಿತಿ ಮೀರಿದ್ದರೂ ಅದಕ್ಕೆ ಸಮಂಜಸ ನಂಟಿದ್ದರೆ ಅನುಮತಿ ಬೇಕೇ ಬೇಕು ಎಂದಿತು. ಅಂಗಾಲಿಗೆ ಬಡಿಯುವುದಕ್ಕೂ ಕರ್ತವ್ಯಕ್ಕೂ ಏನು ನಂಟು ಎಂದು ನಾವು ಪ್ರತಿ ಪ್ರಕರಣದಲ್ಲೂ ಹೊಸದಾಗಿ ವಾದಿಸಬೇಕಾಗಿದೆ.

ಠಾಣೆಯ ಸಿಸಿಟಿವಿ ದೃಶ್ಯಗಳನ್ನು ಹದಿನೆಂಟು ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಿಡಬೇಕು ಎಂಬ ಸುಪ್ರೀಂ ಕೋರ್ಟಿನ 2020ರ ಡಿಸೆಂಬರ್‌ನ ಆದೇಶವೂ ಇದೆ. ಅರ್ಜಿಯನ್ನು ಮೊದಲ ವಾರದಲ್ಲೇ ಹಾಕಿ. ತಡವಾದಷ್ಟೂ "ಯಂತ್ರ ಕೆಟ್ಟಿತ್ತು" ಎಂಬ ಉತ್ತರಕ್ಕೆ ದಾರಿ ಸಲೀಸು. ಬಂಧನದಲ್ಲಿರುವ ಯಾರಿಗೇ ಆಗಲಿ ವಕೀಲರ ನೆರವು ಉಚಿತ. 15100ಕ್ಕೆ ಕರೆ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಸಿಗುತ್ತದೆ.

ಆ ಯುವಕ ಕಳ್ಳತನದ ಆರೋಪದಿಂದ ಖುಲಾಸೆಯಾದ. ಹೊಡೆದವರ ಮೇಲಿನ ಖಾಸಗಿ ದೂರು ಅನುಮತಿಗಾಗಿ ಬೆಂಗಳೂರಿಗೆ ಹೋಗಿ ಕುಳಿತಿದೆ. ಅವನ ತಾಯಿ ಸಂತೆಗೆ ಬಂದಾಗಲೆಲ್ಲ ಮೆಟ್ಟಿಲ ಬಳಿ ನಿಂತು, "ಕಾಗದ ಬಂತಾ ಅಮ್ಮಾ?" ಎಂದು ಕೇಳಿ ಹೋಗುತ್ತಾರೆ. ವೈದ್ಯೆಯ ಆ ಎರಡು ಸಾಲಿನ ಒಂದು ಪ್ರತಿ ನನ್ನ ಕಡತದಲ್ಲಿದೆ, ಇನ್ನೊಂದು ಅವರ ಲೈನ್ ಮನೆಯ ತಗಡಿನ ಪೆಟ್ಟಿಗೆಯಲ್ಲಿ, ಪಡಿತರ ಚೀಟಿಯ ಜೊತೆಗಿದೆ.