ಪಿಪಿಟಿ ತೋರಿಸಿದರೆ ಡಿಜಿಟಲ್ ಪಾಠ ಆಯ್ತಾ?

ಪ್ರಶ್ನೆ: ನಮ್ಮ ಮೇಷ್ಟ್ರು ಇಡೀ ಕ್ಲಾಸು ಪಿಪಿಟಿ ಓದ್ತಾರೆ. ತರಗತಿಯಲ್ಲಿ ಡಿಜಿಟಲ್ ತಂತ್ರಜ್ಞಾನ ಅಂದ್ರೆ ಇಷ್ಟೇನಾ?

ಇಷ್ಟೇ ಅಲ್ಲ. ಆದರೆ ಜಾಸ್ತಿ ನಡೆಯುವುದು ಇದೇ, ನಿಜ. 1987ರಲ್ಲಿ ಬಂದ ಪವರ್‌ಪಾಯಿಂಟ್, ಅಂದ್ರೆ ಈ ಪಿಪಿಟಿ ಸ್ಲೈಡು ಮಾಡುವ ತಂತ್ರಾಂಶ, ಮೊದಲು ಕಚೇರಿ ಮೀಟಿಂಗುಗಳ ಸರಕು. ಆಮೇಲೆ ತರಗತಿಗೆ ಬಂದು ಬೋರ್ಡಿನ ಜಾಗದಲ್ಲಿ ಕೂತುಬಿಟ್ಟಿತು. ಬೋರ್ಡಿನ ಮೇಲೆ ಸೀಮೆಸುಣ್ಣ ಓಡುವಷ್ಟು ಹೊತ್ತು ನಮಗೂ ಯೋಚಿಸಲು ಬಿಡುವು ಸಿಗುತ್ತದೆ. ಸ್ಲೈಡ್ ಹಾಗಲ್ಲ, ಒಂದು ಗುಂಡಿ ಒತ್ತಿದರೆ ಇಡೀ ಲೆಕ್ಕ ಬಂದು ನಿಲ್ಲುತ್ತದೆ. ಅದಕ್ಕೇ ಕೆಲವು ಗಣಿತದ ಮೇಷ್ಟ್ರು ಟ್ಯಾಬ್ಲೆಟ್ ಮೇಲೆ ಬರೆಯುತ್ತಾ ಅದನ್ನೇ ಪರದೆಗೆ ಹಾಕುತ್ತಾರೆ. ಸುತ್ತಿ ಬಳಸಿ ಬೋರ್ಡೇ ವಾಪಸ್ ಬಂತು, ಅಲ್ವಾ?

ನನಗೆ ನಿಜಕ್ಕೂ ಉಪಯೋಗ ಅನಿಸುವುದು, ಕೂತವರ ತಲೆಯಲ್ಲಿ ಏನಿದೆ ಎಂದು ಮೇಷ್ಟ್ರಿಗೆ ತೋರಿಸುವ ತಂತ್ರಜ್ಞಾನ. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರೊಫೆಸರ್ ಎರಿಕ್ ಮಜೂರ್ 1991ರಿಂದ ಇಂಥ ಒಂದು ಪದ್ಧತಿ ಶುರು ಮಾಡಿದರು. ಪಾಠದ ನಡುವೆ ಒಂದು ಪ್ರಶ್ನೆ. ಉದಾಹರಣೆಗೆ, ಭಾರದ ಲಾರಿ ಸಣ್ಣ ಕಾರಿಗೆ ಗುದ್ದಿತು. ಯಾವುದರ ಮೇಲೆ ಬಲ ಹೆಚ್ಚು ಬಿತ್ತು? ಕಾರಿನ ಮೇಲೆ ಅಂತ ತಾನೇ ಹೇಳಬೇಕು ಅನಿಸುತ್ತದೆ? ನ್ಯೂಟನ್ನನ ಮೂರನೇ ನಿಯಮ ಬಾಯಿಪಾಠ ಇದ್ದವರೂ ಇಲ್ಲಿ ಎಡವುತ್ತಾರೆ. ಎರಡರ ಮೇಲೂ ಬಲ ಒಂದೇ. ಕಾರು ಹಗುರ, ಅದಕ್ಕೆ ನಜ್ಜುಗುಜ್ಜಾಗುತ್ತದೆ.

ಎಲ್ಲರೂ ಕ್ಲಿಕರ್ ಎಂಬ ಪುಟ್ಟ ರಿಮೋಟ್‌ನಲ್ಲೋ ಮೊಬೈಲ್‌ನಲ್ಲೋ ಉತ್ತರ ಒತ್ತುತ್ತಾರೆ. ಸರಿ ಉತ್ತರ ಸುಮಾರು ಶೇ. 30ರಿಂದ 70ರ ನಡುವೆ ಇದ್ದರೆ, ಮೇಷ್ಟ್ರು ಉತ್ತರ ಹೇಳದೆ ಪಕ್ಕದವರ ಜೊತೆ ಚರ್ಚೆ ಮಾಡಲು ಬಿಡುತ್ತಾರೆ. ಆಗ ಕ್ಲಾಸು ಸಂತೆಯಾಗುತ್ತದೆ, ಆಗಲಿ ಬಿಡಿ. ಆಮೇಲೆ ಮತ್ತೆ ಉತ್ತರ ಒತ್ತಿಸಿದರೆ ಸರಿ ಹೇಳುವವರು ಸಾಮಾನ್ಯವಾಗಿ ಹೆಚ್ಚಿರುತ್ತಾರೆ. ಶೇ. 30ಕ್ಕಿಂತ ಕಡಿಮೆ ಬಂದರೆ ಪಾಠವೇ ಇನ್ನೊಮ್ಮೆ.

ಲ್ಯಾಪ್‌ಟಾಪ್ ವಿಷಯ ಬೇರೆ. ಕೆನಡಾದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪಾಠದ ವೇಳೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಮಾಡಿದವರಿಗೆ ಅಂಕ ಕಡಿಮೆ ಬಂತು. ಅವರ ಪರದೆ ಕಾಣುವಂತೆ ಹಿಂದೆ ಕೂತವರಿಗೂ ಕಡಿಮೆ ಬಂತು, ಪಾಪ.

ಅಂದ ಹಾಗೆ, ಮಜೂರ್ ಪದ್ಧತಿಗೆ ಯಂತ್ರವೇ ಬೇಕೆಂದಿಲ್ಲ. ಎ, ಬಿ, ಸಿ, ಡಿ ಅಂತ ಬರೆದ ರಟ್ಟಿನ ಕಾರ್ಡ್ ಎತ್ತಿದರೂ ನಡೆಯುತ್ತದೆ. ಆದರೆ ಎತ್ತಿದ ಕಾರ್ಡು ಅಕ್ಕಪಕ್ಕದವರಿಗೂ ಕಾಣುತ್ತದೆ. ಹಿಂದಿನ ಬೆಂಚಿನ ಸಂಕೋಚದ ಹುಡುಗಿ ಜಾಣರು ಯಾವುದು ಎತ್ತಿದರು ಅಂತ ನೋಡಿಕೊಂಡು ಅದನ್ನೇ ಎತ್ತುತ್ತಾಳೆ. ಮೊಬೈಲ್‌ನಲ್ಲಾದರೆ ತನಗೆ ಅನಿಸಿದ್ದನ್ನೇ ಒತ್ತುತ್ತಾಳೆ.