ಮಾಡಿದ್ದೆಲ್ಲ ನಾನೇ, ತಿರುಗಿ ಯಾರೂ ಮಾಡಲಿಲ್ಲ: ಮತ್ತಾಯ 7:12 ಇದಕ್ಕೆ ಏನು ಹೇಳುತ್ತದೆ?

ಪ್ರಶ್ನೆ: ಅತ್ತೆಗೆ ಆಪರೇಷನ್ ಆದಾಗ ಮೈಸೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಜೊತೆಗಿದ್ದವಳು ನಾನು. ವಾರಗಿತ್ತಿಯ ಬಾಣಂತನ ಮಾಡಿದವಳೂ ನಾನೇ. ಹೋದ ಮಳೆಗಾಲದಲ್ಲಿ ನನಗೆ ಚಿಕೂನ್‌ಗುನ್ಯಾ ಬಂದು ಕೈಕಾಲು ಹಿಡಿದುಕೊಂಡು ಮಲಗಿದ್ದಾಗ ಒಂದು ಲೋಟ ಗಂಜಿ ಕಾಯಿಸಿ ಕೊಡಲು ಯಾರೂ ಬರಲಿಲ್ಲ. 'ಜನರು ನಿಮಗೆ ಏನು ಮಾಡಬೇಕೆಂದು ಬಯಸುತ್ತೀರೋ ಅದನ್ನೇ ಅವರಿಗೆ ಮಾಡಿ' ಅಂತ ಚಿಕ್ಕಂದಿನಿಂದ ಚರ್ಚಿನಲ್ಲಿ ಕೇಳಿದ್ದೇನೆ. ನಾನು ಮಾಡಿದೆ, ಅವರು ಮಾಡಲಿಲ್ಲ. ಇನ್ನೂ ಎಷ್ಟು ದಿನ ನಾನೊಬ್ಬಳೇ ಮಾಡುತ್ತಿರಬೇಕು?
(ಮಂಡ್ಯ ಕಡೆಯ ಒಬ್ಬ ಸಹೋದರಿ)

ಅಕ್ಕ, ನಿಮ್ಮ ಪತ್ರ ಓದಿದ ಮೇಲೆ ಎರಡು ದಿನ ನನಗೆ ಉತ್ತರ ಬರೆಯಲು ಆಗಲಿಲ್ಲ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಎಷ್ಟೋ ಜನ ಕೇಳಿದ್ದಾರೆ. ತಮ್ಮನ ಕಷ್ಟಕ್ಕೆ ಒಡವೆ ಅಡ ಇಟ್ಟುಕೊಟ್ಟವರು ಕೇಳಿದ್ದಾರೆ, ಸಭೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಓಡುತ್ತಿದ್ದವರು ಕೇಳಿದ್ದಾರೆ. ಜ್ವರದಲ್ಲಿ ಮಲಗಿ ಬಾಗಿಲ ಕಡೆ ನೋಡುತ್ತಿದ್ದವರಿಗೆ 'ಕ್ಷಮಿಸಿಬಿಡಿ, ಪ್ರಾರ್ಥನೆ ಮಾಡಿ' ಎಂದಷ್ಟೇ ಹೇಳಿ ಕಳಿಸಬಾರದು. ನಿಮಗಾದ ನೋವು ನಿಜ. ಅದನ್ನು ಪಕ್ಕಕ್ಕೆ ಸರಿಸದೆ ನೀವು ಹೇಳಿದ ಆ ವಚನವನ್ನು, ಅಂದರೆ ಮತ್ತಾಯನ ಸುವಾರ್ತೆಯ 7:12ನ್ನು, ಓದೋಣ.

ನಾನು ಬೆಳೆದದ್ದು ಮದ್ದೂರು ಸೀಮೆಯ ಒಂದು ಹಳ್ಳಿಯಲ್ಲಿ. ನಮ್ಮ ಮನೆಯ ಗೋಡೆಗೂಡಿನಲ್ಲಿ ಬೈಬಲಿನ ಪಕ್ಕದಲ್ಲೇ ಒಂದು ಮುಯ್ಯಿ ಪುಸ್ತಕ ಇರುತ್ತಿತ್ತು. ಅಕ್ಕನ ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಹಾಕಿದರು, ಯಾರು ಅಕ್ಕಿ ಕೊಟ್ಟರು, ಯಾರು ಸ್ಟೀಲ್ ಬಿಂದಿಗೆ ತಂದರು, ಎಲ್ಲವೂ ಅಪ್ಪನ ಕೈಬರಹದಲ್ಲಿ. ಅವರ ಮನೆಯಲ್ಲಿ ಮದುವೆ ಬಂದಾಗ ಅಪ್ಪ ಪುಸ್ತಕ ತೆರೆದು ನೋಡಿ, ಬಂದದ್ದಕ್ಕಿಂತ ಸ್ವಲ್ಪವಾದರೂ ಹೆಚ್ಚು ಸೇರಿಸಿ ಕೊಡುತ್ತಿದ್ದರು. ಗದ್ದೆಯಲ್ಲೂ ಹಾಗೆಯೇ, ಮುಯ್ಯಾಳು. ಇವತ್ತು ನಿಮ್ಮ ನಾಟಿಗೆ ನಾವು, ನಾಳಿದ್ದು ನಮ್ಮ ನಾಟಿಗೆ ನೀವು. ಈ ಪದ್ಧತಿಯನ್ನು ನಾನು ಕೀಳಾಗಿ ಕಾಣುವವನಲ್ಲ. ಕೈಯಲ್ಲಿ ಕಾಸಿಲ್ಲದ ಮನೆಗಳಲ್ಲಿ ಹೆಣ್ಣುಮಕ್ಕಳ ಮದುವೆ ನಡೆದದ್ದು, ಕೂಲಿ ಕೊಡಲಾಗದವರ ಗದ್ದೆ ನಾಟಿಯಾದದ್ದು ಮುಯ್ಯಿಯಿಂದಲೇ.

ಆದರೆ ಯೇಸುಸ್ವಾಮಿಯ ಮಾತನ್ನೂ ನಾವು ಅದೇ ಪುಸ್ತಕ ಕೈಯಲ್ಲಿ ಹಿಡಿದು ಓದುತ್ತೇವೆ. ನಾನು ಮಾಡಿದರೆ ಅವರೂ ಮಾಡಬೇಕು, ಮಾಡದಿದ್ದರೆ ಬಾಕಿ ನಿಂತಿತು. ವಚನವನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ಜನರು ನಿಮಗೆ ಏನು ಮಾಡಿದ್ದಾರೋ ಅದನ್ನು ಮಾಡಿ ಎಂದು ಅಲ್ಲಿಲ್ಲ. ಏನು ಮಾಡುತ್ತಾರೋ ಎಂದೂ ಇಲ್ಲ. ಏನು ಮಾಡಬೇಕೆಂದು ನೀವು ಬಯಸುತ್ತೀರೋ ಎಂದಿದೆ. ಅಳೆಯುವ ಸೇರು ನಿಮ್ಮ ಬಯಕೆಯೇ. ಎದುರಿನವರು ಹೇಗೆ ನಡೆದುಕೊಂಡರು ಎಂಬುದಕ್ಕೂ ಆ ಸೇರಿಗೂ ಸಂಬಂಧವೇ ಇಲ್ಲ. ಮಲಗಿದ್ದಾಗ ಒಂದು ಲೋಟ ಗಂಜಿ ಬೇಕೆನ್ನಿಸಿತಲ್ಲ, ಆ ಬೇಕೆನ್ನಿಸಿದ್ದನ್ನು ಸೇರಾಗಿ ಹಿಡಿಯಿರಿ ಎನ್ನುತ್ತಾರೆ ಸ್ವಾಮಿ. ಅದು ಸಿಗಲಿಲ್ಲ ಎಂಬ ಕಾರಣಕ್ಕೆ ಸೇರು ಚಿಕ್ಕದಾಗುವುದಿಲ್ಲ.

ಲೂಕನ ಸುವಾರ್ತೆಯಲ್ಲಿ ಈ ಮಾತು 6:31ರಲ್ಲಿ ಬರುತ್ತದೆ. ಅದರ ಹಿಂದೆ ಮುಂದೆ ಏನಿದೆ ನೋಡಿ. ಹಿಂದೆ: ವೈರಿಗಳನ್ನು ಪ್ರೀತಿಸಿ, ನಿನ್ನದನ್ನು ಕಿತ್ತುಕೊಂಡವನನ್ನು ತಿರುಗಿ ಕೇಳಬೇಡ. ಮುಂದೆ: ನಿಮ್ಮನ್ನು ಪ್ರೀತಿಸುವವರನ್ನೇ ಪ್ರೀತಿಸಿದರೆ ನಿಮಗೇನು ಹೊಗಳಿಕೆ, ಪಾಪಿಗಳೂ ಅಷ್ಟು ಮಾಡುತ್ತಾರಲ್ಲ, ತಿರುಗಿ ಬರುತ್ತದೆಂದು ನೆಚ್ಚಿಕೊಳ್ಳದೆ ಸಾಲ ಕೊಡಿ. ಅದೇ ಸುವಾರ್ತೆಯ 14ನೇ ಅಧ್ಯಾಯದಲ್ಲಂತೂ ಮಾತು ನೇರವಾಗಿ ನಮ್ಮ ಮುಯ್ಯಿ ಊಟಕ್ಕೇ ಬರುತ್ತದೆ. ಔತಣ ಮಾಡಿಸುವಾಗ ಸ್ನೇಹಿತರನ್ನು, ನೆಂಟರನ್ನು, ಐಶ್ವರ್ಯವಂತರಾದ ನೆರೆಯವರನ್ನು ಕರೆಯಬೇಡ, ಅವರೂ ನಿನ್ನನ್ನು ಕರೆದು ತೀರಿಸಿಬಿಟ್ಟಾರು. ಬಡವರನ್ನು, ಊನವಾದವರನ್ನು, ಕುಂಟರನ್ನು, ಕುರುಡರನ್ನು ಕರೆ, ತೀರಿಸಲು ಅವರಲ್ಲಿ ಏನೂ ಇಲ್ಲ. ತಿರುಗಿ ಕೊಡಲಾರದವರ ಮನೆಯಿಂದ ಈ ನಿಯಮ ಶುರುವಾಗುತ್ತದೆ.

ನಮ್ಮ ಊರಿನ ಒಂದು ಸಂಗತಿಯಿಂದ ನನಗೆ ಇದು ಅರ್ಥವಾಯಿತು. ಕೆಆರ್‌ಎಸ್‌ನಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಮದ್ದೂರು, ಮಳವಳ್ಳಿ ಕಡೆಯ ಕೊನೆ ಭಾಗಕ್ಕೆ ತಲುಪುವ ಕಥೆ ನಿಮಗೆ ಹೇಳಬೇಕಾಗಿಲ್ಲ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸಿದ ವರ್ಷ ಮೇಲಿನವರು ತೂಬು ಮುಚ್ಚದಿದ್ದರೆ ಕೆಳಗಿನವರ ಪೈರು ಒಣಗುತ್ತದೆ. ನಮ್ಮದು ಕೆಳಗಿನ ಗದ್ದೆ. ಮೇಲಿನ ಗದ್ದೆಯವರು ಬೇರೆ ಜಾತಿಯವರು, ನಮ್ಮ ಮನೆಯ ಮದುವೆ ಮುಂಜಿಗೆ ಬಂದವರಲ್ಲ. ಒಂದು ಬರದ ವರ್ಷ ಆ ಯಜಮಾನರು ತಮ್ಮ ಸರದಿ ಮುಗಿದ ತಕ್ಷಣ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಬಂದು ತಾವೇ ನೀರು ತಿರುಗಿಸಿ, ಅಪ್ಪನನ್ನು ಎಬ್ಬಿಸಿ ಹೋದರು. ಅಪ್ಪ ಬೆಳಿಗ್ಗೆ ಮುಯ್ಯಿ ಪುಸ್ತಕ ತೆಗೆದು ಕೂತರು, ಏನೂ ಬರೆಯಲಿಲ್ಲ. 'ಇದನ್ನ ಹೆಂಗಪ್ಪ ತೀರ್ಸೋದು? ನಾವು ಅವ್ರಿಗೆ ನೀರು ಬಿಡಕ್ಕಾಯ್ತದಾ?' ಅಂದರು. ನೀರು ಕೆಳಗಿನ ಗದ್ದೆಯಿಂದ ಮೇಲಕ್ಕೆ ಹರಿಯುವುದಿಲ್ಲ. ಆ ವರ್ಷ ಅಪ್ಪ ಮಾಡಿದ್ದು ಇಷ್ಟೇ: ನಮಗಿಂತ ಕೆಳಗಿನವರಿಗೆ ತಮ್ಮ ಸರದಿ ಮುಗಿಯುವ ಹೊತ್ತಿಗೆ ಸರಿಯಾಗಿ ಬಿಟ್ಟುಕೊಟ್ಟರು.

ಮತ್ತಾಯ 7:12 'ಆದುದರಿಂದ' ಎಂಬ ಅರ್ಥದಲ್ಲಿ ಶುರುವಾಗುವುದನ್ನು ನಾವು ಓದುವಾಗ ನುಂಗಿಬಿಡುತ್ತೇವೆ. ಯಾವುದರಿಂದ? ಅದರ ಹಿಂದಿನ ಸಾಲುಗಳಿಂದ. ಮಗ ರೊಟ್ಟಿ ಕೇಳಿದರೆ ಕಲ್ಲು ಕೊಡುವ ತಂದೆ ಉಂಟೇ, ಮೀನು ಕೇಳಿದರೆ ಹಾವು ಕೊಡುತ್ತಾನೆಯೇ? ಕೆಟ್ಟವರಾದ ನೀವೇ ಮಕ್ಕಳಿಗೆ ಒಳ್ಳೆಯದನ್ನು ಕೊಡುವಾಗ ಪರಲೋಕದ ತಂದೆ ಕೊಡದೆ ಇರುತ್ತಾನೆಯೇ? ಆದುದರಿಂದ ನೀವೂ ಜನರಿಗೆ ಮಾಡಿ. ನೀರು ಮೇಲಿನ ಗದ್ದೆಯಿಂದ ಆಗಲೇ ನಮಗೆ ಹರಿದು ಬಂದಿದೆ.

ಇದೇ ಮಾತು ಬೇರೆ ಕಡೆಯೂ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಯೇಸುವಿಗಿಂತ ಸ್ವಲ್ಪ ಮೊದಲಿದ್ದ ಯೆಹೂದಿ ಗುರು ಹಿಲ್ಲೇಲ್ ಬಳಿಗೆ ಒಬ್ಬ ಅನ್ಯಜನಾಂಗದವನು ಬಂದು, ನಾನು ಒಂಟಿ ಕಾಲಲ್ಲಿ ನಿಂತಿರುವಷ್ಟರಲ್ಲಿ ಧರ್ಮಶಾಸ್ತ್ರವನ್ನೆಲ್ಲ ಕಲಿಸು ಎಂದನಂತೆ. ನಿನಗೆ ಯಾವುದು ಅಸಹ್ಯವೋ ಅದನ್ನು ಇನ್ನೊಬ್ಬನಿಗೆ ಮಾಡಬೇಡ, ಉಳಿದದ್ದು ವಿವರಣೆ, ಹೋಗಿ ಕಲಿ ಎಂದರು ಹಿಲ್ಲೇಲ್. ಕಥೋಲಿಕ ಬೈಬಲಿನಲ್ಲಿರುವ ತೋಬಿತನ ಗ್ರಂಥದ 4:15ರಲ್ಲೂ ಹೆಚ್ಚುಕಡಿಮೆ ಇದೇ ಇದೆ. ನಮ್ಮ ಸರ್ವಜ್ಞನ 'ತನ್ನಂತೆ ಪರರ ಬಗೆದೊಡೆ' ಎಂಬ ತ್ರಿಪದಿ ಬಾಯಿಗೆ ಬಾರದ ಕನ್ನಡಿಗನಿಲ್ಲ. ಇವೆಲ್ಲ ಒಂದೇ ಬಾವಿಯ ನೀರಿನ ಹಾಗೆ ನನಗೆ ಕಾಣುತ್ತವೆ, ಅದರಲ್ಲಿ ನನಗೆ ಸಂತೋಷವೇ ಇದೆ. ಆದರೂ 'ಮಾಡಬೇಡ' ಎಂಬುದಕ್ಕೂ 'ಮಾಡು' ಎಂಬುದಕ್ಕೂ ನಡುವೆ ಒಂದು ದಾರಿಯಷ್ಟು ದೂರವಿದೆ. ಯೇಸು ಹೇಳಿದ ಒಂದು ಕಥೆಯಲ್ಲಿ, ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ಹೊಡೆಯಲಿಲ್ಲ, ದೋಚಲಿಲ್ಲ. ಓರೆಯಾಗಿ ಹೋದರು, ಅಷ್ಟೇ. ನಿಮ್ಮ ಮನೆಯವರೂ ನಿಮಗೆ ಕೆಟ್ಟದ್ದೇನೂ ಮಾಡಲಿಲ್ಲ, ಬರಲಿಲ್ಲ, ಅಷ್ಟೇ. ಆ 'ಅಷ್ಟೇ' ಎಷ್ಟು ನೋಯಿಸುತ್ತದೆ ಎಂಬುದು ನಿಮಗೆ ಗೊತ್ತು.

ಈಗ ಕಷ್ಟದ ಭಾಗ. ಹಾಗಾದರೆ ಸಹಿಸಿಕೊಂಡೇ ಇರಬೇಕೆ? ಇಲ್ಲ. ಈ ವಚನವನ್ನು ಹೆಣ್ಣುಮಕ್ಕಳ ಬಾಯಿ ಮುಚ್ಚಿಸಲು ಬಳಸಿದ್ದನ್ನು ನಾನು ನೋಡಿದ್ದೇನೆ, ನನಗೆ ಅದು ತಡೆಯಲಾರದ ಸಂಕಟ. 'ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು' ಎಂಬ ಮಾತು ಯಾಜಕಕಾಂಡ 19:18ರಲ್ಲಿದೆ. ಅದರ ಹಿಂದಿನ ಸಾಲು, 19:17, ಏನು ಹೇಳುತ್ತದೆ? ಸಹೋದರನ ಮೇಲೆ ಮನಸ್ಸಿನೊಳಗೆ ಹಗೆ ಇಟ್ಟುಕೊಳ್ಳಬೇಡ, ಅವನ ತಪ್ಪನ್ನು ಅವನಿಗೆ ತಿಳಿಸು. ಹೇಳುವುದೂ ಪ್ರೀತಿಯೊಳಗೇ ಬರುತ್ತದೆ. ನೀವೇ ತಪ್ಪು ಮಾಡಿದ್ದರೆ ಏನು ಬಯಸುತ್ತಿದ್ದಿರಿ? ಊರಿಗೆಲ್ಲ ಹೇಳದೆ, ಹಬ್ಬದ ದಿನ ನಾಲ್ಕು ಜನರ ಮುಂದೆ ಕುಟುಕದೆ, ಒಬ್ಬರೇ ಇರುವಾಗ ಬಂದು ಹೇಳಲಿ ಎಂದಲ್ಲವೇ? ಮತ್ತಾಯ 18:15ರಲ್ಲಿ ಸ್ವಾಮಿ ಹೇಳುವುದೂ ಅದನ್ನೇ: ನೀನೂ ಅವನೂ ಇಬ್ಬರೇ ಇರುವಾಗ ಹೇಳು.

ಇನ್ನು, ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಅದು ಬೇರೆಯೇ ಮಾತು. ನಿಮ್ಮ ಪತ್ರದಲ್ಲಿ ಅದಿಲ್ಲ, ಆದರೆ ಓದುವ ಯಾರಿಗಾದರೂ ಇರಬಹುದು. ಅಂಥವರು ಮೊದಲು ಸುರಕ್ಷಿತವಾದ ಜಾಗಕ್ಕೆ ಹೋಗಿ, 181 ಮಹಿಳಾ ಸಹಾಯವಾಣಿಗೆ ಅಥವಾ 112ಕ್ಕೆ ಕರೆ ಮಾಡಿ. ನಿಮ್ಮ ಮಗಳಿಗೆ ಹಾಗಾಗಿದ್ದರೆ ನೀವು ಬಯಸುತ್ತಿದ್ದುದೂ ಅದನ್ನೇ.

ನಮ್ಮ ಬಯಕೆಯೇ ಅಳತೆಯಾದರೆ ನಮ್ಮ ಇಷ್ಟವನ್ನು ಇನ್ನೊಬ್ಬರ ಮೇಲೆ ಹೇರಿದಂತಾಗುವುದಿಲ್ಲವೇ ಎಂಬ ಸಂಶಯವೂ ಸರಿಯಾದದ್ದೇ. ಕೆಲವರಿಗೆ ಕಾಯಿಲೆಯಲ್ಲಿ ಜನ ಬಂದು ಮಾತಾಡಿಸಬೇಕು, ಕೆಲವರಿಗೆ ಯಾರೂ ಬರದೆ ನಿದ್ದೆ ಮಾಡಲು ಬಿಟ್ಟರೆ ಸಾಕು. ಯೆರಿಕೋವಿನ ದಾರಿಯ ಬದಿಯಲ್ಲಿ ಕೂತಿದ್ದ ಕುರುಡ ಬಾರ್ತಿಮಾಯನಿಗೆ ಏನು ಬೇಕೆಂದು ಯಾರಿಗೆ ಗೊತ್ತಿರಲಿಲ್ಲ? ಆದರೂ ಯೇಸು ಕೇಳುತ್ತಾರೆ: ನಾನು ನಿನಗೆ ಏನು ಮಾಡಬೇಕೆಂದು ಕೋರುತ್ತೀ? (ಮಾರ್ಕ 10:51). ನಮ್ಮೆಲ್ಲರ ಬಯಕೆಗಳ ತಳದಲ್ಲಿರುವ ಬಯಕೆ ಅದೇ ಇರಬೇಕು, ನನ್ನನ್ನು ಒಂದು ಮಾತು ಕೇಳಲಿ ಎಂಬುದು.

ನಿಮ್ಮ ಮನೆಯಿಂದಾಚೆಗೂ ಒಂದು ಮಾತು ಸೇರಿಸದಿದ್ದರೆ ನನಗೆ ಸಮಾಧಾನವಾಗದು. ನಾವು ಕ್ರೈಸ್ತರು, ಈ ವಚನವನ್ನು ಕ್ಯಾಲೆಂಡರಿನಲ್ಲಿ ಹಾಕಿ ತೂಗುಹಾಕುವವರು, ಮನೆಗೆಲಸದವರಿಗೆ ಬೇರೆ ಲೋಟ ಇಟ್ಟಿಲ್ಲವೇ? ಕಬ್ಬು ಕಡಿಯಲು ದೂರದೂರಿನಿಂದ ಬಂದವರ ಕೂಲಿಯನ್ನು 'ಶನಿವಾರ ಬಾ' ಎಂದು ಮುಂದೂಡಿಲ್ಲವೇ? ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಬಳಿ ಇರಬಾರದು ಎಂದು ಅದೇ ಯಾಜಕಕಾಂಡ 19 ಹೇಳುತ್ತದೆ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಇನ್ನೊಂದು ನೆನಪಾಗುತ್ತದೆ. 1933ರಲ್ಲಿ ಅದರ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ತಮ್ಮದಲ್ಲದ ದೇವಾಲಯಕ್ಕೆ ತಮ್ಮ ಕೈಯಿಂದ ಕಲ್ಲಿಟ್ಟರು. ನಮ್ಮ ನಂಬಿಕೆಯ ಬಗ್ಗೆ ನೆರೆಯವರು ಹೇಗೆ ಮಾತಾಡಬೇಕೆಂದು ನಾವು ಬಯಸುತ್ತೇವೋ ಹಾಗೆಯೇ ಅವರ ದೇವರ ಬಗ್ಗೆ, ಅವರ ಊರಹಬ್ಬದ ಬಗ್ಗೆ ನಮ್ಮ ಬಾಯಿ ಮಾತಾಡುತ್ತಿದೆಯೇ? ನಮ್ಮಲ್ಲಿ ಕೆಲವರ ಪ್ರಸಂಗ ಕೇಳಿದಾಗ ನಾನು ತಲೆ ತಗ್ಗಿಸಿದ್ದೇನೆ.

ಇರಲಿ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎಷ್ಟು ದಿನ ಎಂದು ಕೇಳಿದಿರಿ. ಯೇಸುವಿನ ಶಿಷ್ಯ ಪೇತ್ರನೂ ಹಾಗೇ ಕೇಳಿದ, ಎಷ್ಟು ಸಾರಿ ಕ್ಷಮಿಸಬೇಕು, ಏಳು ಸಾರಿಯೇ? ಅದಕ್ಕೆ ಸ್ವಾಮಿ ಹೇಳಿದ್ದು ಒಂದು ಲೆಕ್ಕದ ಕಥೆ. ಒಬ್ಬ ಆಳು ತನ್ನ ಅರಸನಿಗೆ 10,000 ತಲಾಂತು ಕೊಡಬೇಕಿತ್ತು. ಒಂದು ತಲಾಂತು ಎಂದರೆ ಸುಮಾರು 6,000 ದಿನದ ಕೂಲಿ, ಒಟ್ಟು 6 ಕೋಟಿ ದಿನದ ಕೂಲಿ. ಅರಸ ಅದನ್ನೆಲ್ಲ ಬಿಟ್ಟ. ಆ ಆಳು ಹೊರಗೆ ಬಂದು, ತನಗೆ 100 ದೀನಾರಿ, ಅಂದರೆ 100 ದಿನದ ಕೂಲಿ ಕೊಡಬೇಕಾಗಿದ್ದವನ ಕುತ್ತಿಗೆ ಹಿಡಿದ. 100 ದಿನದ ಕೂಲಿ ಕಡಿಮೆಯೇನಲ್ಲ, ಗಮನಿಸಿ. ನಿಮ್ಮ ಹನ್ನೆರಡು ದಿನದ ಆಸ್ಪತ್ರೆಯ ವಾಸ, ಒಂದು ಬಾಣಂತನ, ಅವೂ ಕಡಿಮೆಯೇನಲ್ಲ. ಯೇಸು ಆ ಸಾಲವನ್ನು ಸುಳ್ಳು ಎನ್ನುವುದಿಲ್ಲ. ಆಗಲೇ ಮನ್ನಾ ಆಗಿರುವ ದೊಡ್ಡದರ ಪಕ್ಕದಲ್ಲಿಟ್ಟು ನೋಡು ಎನ್ನುತ್ತಾರೆ.

ಆದ್ದರಿಂದ ಅಕ್ಕ, ನನಗೆ ತೋಚುವುದನ್ನು ಹೇಳುತ್ತೇನೆ. ಅತ್ತೆಗೆ ಮಾಡಿದ್ದಕ್ಕೆ, ವಾರಗಿತ್ತಿಗೆ ಮಾಡಿದ್ದಕ್ಕೆ ಪಶ್ಚಾತ್ತಾಪ ಪಡಬೇಡಿ. ಅದು ವ್ಯರ್ಥವಾಗಿಲ್ಲ. ನಿಮ್ಮ ಮೈ ಈಗಲೂ ಪೂರ್ತಿ ಸುಧಾರಿಸಿಲ್ಲದಿದ್ದರೆ ಕೆಲವು ಕೆಲಸಗಳಿಗೆ 'ಈಗ ನನ್ನ ಕೈಲಾಗುವುದಿಲ್ಲ' ಎನ್ನಿ. ಬೇರೆಯವರು ಹಾಗೆಂದರೆ ನೀವು ಒಪ್ಪುತ್ತೀರಲ್ಲ. ವಾರಗಿತ್ತಿ ಒಬ್ಬರೇ ಸಿಕ್ಕಾಗ, ಪಾತ್ರೆ ಕೊಡಲೋ ಮಗುವನ್ನು ಕರೆದೊಯ್ಯಲೋ ಬಂದಾಗ, ಕೂರಿಸಿಕೊಂಡು 'ಅವತ್ತು ನೀನು ಬತ್ತೀಯ ಅಂತ ಕಾಯ್ತಾ ಇದ್ದೆ ಕಣೆ' ಎಂದು ಹೇಳಿ. ಬಾಣಂತನದ ಮಾತು ಎತ್ತಬೇಡಿ. ಎತ್ತಿದರೆ ಅವರು ಉತ್ತರಕ್ಕೆ ತಮ್ಮ ಲೆಕ್ಕ ತೆಗೆಯುತ್ತಾರೆ, ಮಾತು ಅಲ್ಲಿಗೇ ಕೆಡುತ್ತದೆ.

ಇನ್ನೊಂದು ಕೇಳಲೇ? ಮಲಗಿದ್ದಾಗ ಯಾರಿಗಾದರೂ ಫೋನ್ ಮಾಡಿ 'ಗಂಜಿ ಬೇಕಿತ್ತು' ಎಂದಿರಾ? ಬೈಯಲು ಕೇಳುತ್ತಿಲ್ಲ. ಎಲ್ಲರಿಗೂ ಮಾಡಿ ಅಭ್ಯಾಸವಾದವರಿಗೆ ಬಾಯಿಬಿಟ್ಟು ಕೇಳುವುದು ಎಷ್ಟು ಕಷ್ಟ ಎಂದು ನನ್ನ ಅವ್ವನನ್ನು ನೋಡಿ ಬಲ್ಲೆ. ಮತ್ತಾಯ 7ರಲ್ಲಿ ನಿಮ್ಮ ವಚನಕ್ಕಿಂತ ಐದು ವಚನ ಮೊದಲು 'ಬೇಡಿಕೊಳ್ಳಿರಿ' ಎಂದಿದೆ. ಮುಂದಿನ ಸಲ ಜ್ವರ ಬಂದ ಮೊದಲ ದಿನವೇ ಕೇಳಿ. ಮನೆಯವರು ಬರಲಾಗದಿದ್ದರೆ ಪಕ್ಕದ ಮನೆಯವರನ್ನು ಕೇಳಿ, ಸಭೆಯವರನ್ನು ಕೇಳಿ. ನೀವು ಕೇಳಬೇಕೆಂದು ಕಾದಿರುವವರು ಅಲ್ಲಿ ಒಬ್ಬರಾದರೂ ಇದ್ದಾರೆ.